ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ

ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ (1858–1912) ಶೃಂಗೇರಿ ಶಾರದಾಪೀಠದ 33ನೆಯ ಪೀಠಾಧಿಪತಿಗಳು. ಆದಿ ಶಂಕರರ ಜನ್ಮಸ್ಥಳವಾದ ಕಾಲಟಿಯ ಪುನರುದ್ಧಾರಕರೆಂದು ಪ್ರಸಿದ್ಧರಾದ ಇವರು, ಸಂಸ್ಕೃತದ ಉನ್ನತ ಶಾಸ್ತ್ರಾಧ್ಯಯನಕ್ಕೆ ಪಾಠಶಾಲೆಗಳನ್ನು ಸ್ಥಾಪಿಸಿ, ಅದರ ಅಂಗವಾದ ವಾಕ್ಯಾರ್ಥಕ್ಕೆ, ಅಂದರೆ ಸಭೆಯಲ್ಲಿ ನಡೆಯುವ ಶಾಸ್ತ್ರಚರ್ಚೆಗೆ, ಸ್ಥಿರವಾದ ನೆಲೆಯನ್ನು ಒದಗಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ಇವರು 1858ರ ಮಾರ್ಚ್ 11ರಂದು ಮೈಸೂರಿನಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಶಿವಸ್ವಾಮಿ. ತಂದೆ ಕುಣಿಗಲ್ ರಾಮಶಾಸ್ತ್ರಿಗಳು ಮೈಸೂರು ಆಸ್ಥಾನದ ವಿದ್ವಾಂಸರು. ತರ್ಕಶಾಸ್ತ್ರದಲ್ಲಿ 'ಶತಕೋಟಿ' ಎಂಬ ಗ್ರಂಥವನ್ನು ರಚಿಸಿದವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಶಿವಸ್ವಾಮಿ ಅಣ್ಣ ಲಕ್ಷ್ಮೀನರಸಿಂಹ ಶಾಸ್ತ್ರಿಗಳ ಆಶ್ರಯದಲ್ಲಿ ಬೆಳೆದರು. 1866ರಲ್ಲಿ ಶೃಂಗೇರಿಯ ಆಗಿನ ಪೀಠಾಧಿಪತಿಗಳಾದ ವೃದ್ಧ ನೃಸಿಂಹ ಭಾರತಿಯವರಿಂದ ಸಂನ್ಯಾಸ ಸ್ವೀಕರಿಸಿ, ಅವರ ಬಳಿಯಲ್ಲಿ ಶಾಸ್ತ್ರಾಭ್ಯಾಸ ನಡೆಸಿದರು. 1879ರಲ್ಲಿ ಗುರುಗಳ ನಂತರ ಪೀಠವನ್ನೇರಿದರು.

ಪಾಠಶಾಲೆಗಳು

ಆ ಕಾಲದಲ್ಲಿ ಸರ್ಕಾರಿ ಉದ್ಯೋಗಕ್ಕೆ ಇಂಗ್ಲಿಷ್ ಶಿಕ್ಷಣವೇ ದಾರಿಯಾಗಿದ್ದುದರಿಂದ ಶಾಸ್ತ್ರಪಂಡಿತರ ಮನೆಗಳ ಮಕ್ಕಳೂ ಹೊಸ ಶಾಲೆಗಳತ್ತ ತಿರುಗುತ್ತಿದ್ದರು. ಗುರುವಿನಿಂದ ಶಿಷ್ಯನಿಗೆ ಬಾಯ್ಮಾತಿನಲ್ಲಿ ಸಾಗಿಬಂದ ವಿದ್ಯೆ ಒಂದು ತಲೆಮಾರಿನಲ್ಲಿ ತುಂಡಾದರೆ ಅದನ್ನು ಮತ್ತೆ ಜೋಡಿಸುವುದು ಕಷ್ಟ. ಈ ಹಿನ್ನೆಲೆಯಲ್ಲಿ ಇವರು 1896ರಲ್ಲಿ ಶೃಂಗೇರಿಯಲ್ಲಿ ಸದ್ವಿದ್ಯಾಸಂಜೀವಿನೀ ಪಾಠಶಾಲೆಯನ್ನು ಸ್ಥಾಪಿಸಿದರು. ಮುಂದೆ ಬೆಂಗಳೂರಿನ ಶಂಕರಮಠದಲ್ಲಿ ಪ್ರೌಢ ಶಾಸ್ತ್ರಾಧ್ಯಯನಕ್ಕಾಗಿ ಭಾರತೀಯ ಗೀರ್ವಾಣ ಪ್ರೌಢ ವಿದ್ಯಾಭಿವರ್ಧಿನೀ ಪಾಠಶಾಲೆ ಆರಂಭವಾಯಿತು.

ವಾಕ್ಯಾರ್ಥ ಸಭೆ

ಭಾದ್ರಪದ ಶುದ್ಧ ಚತುರ್ಥಿಯಿಂದ ಶೃಂಗೇರಿಯಲ್ಲಿ ನಡೆಯುವ ಮಹಾಗಣಪತಿ ವಾಕ್ಯಾರ್ಥ ವಿದ್ವತ್ಸಭೆಯನ್ನು ಪ್ರಾರಂಭಿಸಿದವರು ಇವರೇ. ಪೀಠಾಧಿಪತಿಗಳ ಸಮ್ಮುಖದಲ್ಲಿ ನಡೆಯುವ ಈ ಸಭೆಯ ಭಾಷೆ ಸಂಸ್ಕೃತ. ನ್ಯಾಯ, ವ್ಯಾಕರಣ, ಮೀಮಾಂಸೆ, ವೇದಾಂತ ಇವುಗಳಲ್ಲೊಂದರ ವಿಷಯವನ್ನು ಎತ್ತಿಕೊಂಡ ವಿದ್ವಾಂಸನು ಮೊದಲು ಸಂಶಯವನ್ನೂ ಬಳಿಕ ಪೂರ್ವಪಕ್ಷವನ್ನೂ ಮಂಡಿಸಿ, ಕೊನೆಗೆ ಸಿದ್ಧಾಂತವನ್ನು ಸ್ಥಾಪಿಸುತ್ತಾನೆ. ನಡುವೆ ಉಳಿದವರು ಎತ್ತುವ ಆಕ್ಷೇಪಗಳಿಗೆ ಅಲ್ಲಿಯೇ ಸಮಾಧಾನ ಹೇಳಬೇಕಾಗುತ್ತದೆ.

ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುವುದಷ್ಟೇ ವಿತಂಡಾ. ಅಧ್ಯಯನಕ್ಕೆ ಉಪಯುಕ್ತವಾದುದು ಮೊದಲನೆಯದು. ಎದುರು ಪಕ್ಷವನ್ನು ಅದರ ಪೂರ್ಣಬಲದೊಂದಿಗೆ ಹೇಳಬಲ್ಲವನಿಗೆ ಮಾತ್ರ ತನ್ನ ಸಿದ್ಧಾಂತ ನಿಜವಾಗಿ ತಿಳಿದಿರುತ್ತದೆಂಬುದು ಈ ಪದ್ಧತಿಯ ತಿರುಳು. ಕಂಠಪಾಠ ಮಾತ್ರ ಮಾಡಿದವನು ಮೊದಲ ಆಕ್ಷೇಪಕ್ಕೇ ನಿರುತ್ತರನಾಗುತ್ತಾನೆ.

ಇತರ ಕಾರ್ಯಗಳು

ತಿರುವಾಂಕೂರು ಸಂಸ್ಥಾನದ ನೆರವಿನಿಂದ 1910ರಲ್ಲಿ ಕಾಲಟಿಯಲ್ಲಿ ಶಾರದೆ ಮತ್ತು ಶಂಕರರ ದೇಗುಲಗಳನ್ನು ಪ್ರತಿಷ್ಠಾಪಿಸಿದರು. ಶಂಕರರ ಸಮಗ್ರ ಕೃತಿಗಳನ್ನು ಶ್ರೀರಂಗದ ವಾಣೀವಿಲಾಸ ಮುದ್ರಣಾಲಯವು 20 ಸಂಪುಟಗಳಲ್ಲಿ ಪ್ರಕಟಿಸಿದುದು ಇವರ ಪ್ರೇರಣೆಯಿಂದ.

ನಿಧನ ಮತ್ತು ಪರಂಪರೆ

1912ರ ಮಾರ್ಚ್ 20ರಂದು ಇವರು ಶೃಂಗೇರಿಯಲ್ಲಿ ವಿದೇಹಮುಕ್ತರಾದರು. ಉತ್ತರಾಧಿಕಾರಿಯೆಂದು ಇವರು ನಿಶ್ಚಯಿಸಿದ್ದ ನರಸಿಂಹ ಎಂಬ ತರುಣರು ತಾವೇ ಸ್ಥಾಪಿಸಿದ ಎರಡೂ ಪಾಠಶಾಲೆಗಳ ವಿದ್ಯಾರ್ಥಿ. ಬೆಂಗಳೂರಿನಿಂದ ಅವರು ಬಂದು ತಲುಪುವಷ್ಟರಲ್ಲಿ ಗುರುಗಳು ಇರಲಿಲ್ಲ. ಅದೇ ಏಪ್ರಿಲ್ 7ರಂದು ಸಂನ್ಯಾಸ ಸ್ವೀಕರಿಸಿದ ಅವರು ಚಂದ್ರಶೇಖರ ಭಾರತೀ ಎಂಬ ಹೆಸರಿನಿಂದ ಪೀಠವನ್ನೇರಿದರು. ವಾಕ್ಯಾರ್ಥ ಸಭೆಯು ಶೃಂಗೇರಿಯಲ್ಲಿ ಇಂದಿಗೂ ನಡೆದುಬರುತ್ತಿದೆ.