ದಡ್ಡನೆನಿಸಿಕೊಂಡವ ಬೆಳಕನ್ನೇ ಮದ್ದಾಗಿಸಿದ

ಚನ್ನಗಿರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನಗೆ ವಿಜ್ಞಾನ ವಿಭಾಗದಲ್ಲಿ ತುಂಬಾ ಹಿಡಿಸಿದ ಹೆಸರು ನೀಲ್ಸ್ ಫಿನ್ಸೆನ್.

1860ರಲ್ಲಿ ಫಾರೋ ದ್ವೀಪದಲ್ಲಿ ಹುಟ್ಟಿದ ಈತನಿಗೆ ಬುದ್ಧಿಯೂ ಚುರುಕೂ ಕಡಿಮೆ ಎಂದು ಡೆನ್ಮಾರ್ಕ್‌ನ ಶಾಲೆಯ ಮುಖ್ಯಸ್ಥರೇ ಷರಾ ಬರೆದಿದ್ದರು. ಶಾಲೆ ಬದಲಿಸಿ ಓದಿದ. 1890ರಲ್ಲಿ ಕೋಪನ್‌ಹೇಗನ್‌ನಲ್ಲಿ ವೈದ್ಯನಾದ. ರಕ್ತಹೀನತೆ, ಸದಾ ಸುಸ್ತು. ಮನೆಗೋ ಬಿಸಿಲೇ ಬೀಳದು. ಬಿಸಿಲು ಸಿಕ್ಕರೆ ಚೇತರಿಸಿಕೊಳ್ಳಬಹುದೇ ಎಂಬ ಯೋಚನೆಯೇ ಬೆಳಕಿನ ಅಧ್ಯಯನಕ್ಕೆ ಹಚ್ಚಿತು. ವಿದ್ಯುತ್ ದೀಪದ ಪ್ರಖರ ಬೆಳಕನ್ನು ಮಸೂರದಿಂದ ಒಟ್ಟುಗೂಡಿಸಿ ಚರ್ಮದ ಕ್ಷಯ ಗುಣಪಡಿಸಿದ. 1903ರಲ್ಲಿ ನೊಬೆಲ್ ಬಂದಾಗ ಗಾಲಿಕುರ್ಚಿಯಲ್ಲಿದ್ದ. ಮರುವರ್ಷ, 43ನೇ ವಯಸ್ಸಿಗೇ ತೀರಿಕೊಂಡ.

ಅದೇ ಕಾಲಕ್ಕೆ ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್ ಬಣ್ಣ ಮತ್ತು ಬೆಳಕು ಸೇರಿದರೆ ಸೂಕ್ಷ್ಮಜೀವಿ ಸಾಯುವುದನ್ನು ಕಂಡಿದ್ದ. ಇಂದು ದಂತವೈದ್ಯರು ಬಳಸುವುದು ಇದೇ ಸೂತ್ರ. ವಸಡಿನ ಸಂದಿಗೆ ಮೀಥಿಲೀನ್ ಬ್ಲೂ ಹಾಕಿ ಕೆಂಪು ಬೆಳಕು ಬಿಟ್ಟರೆ, ಅಲ್ಲಿ ಹುಟ್ಟುವ ಉಗ್ರ ಆಮ್ಲಜನಕ ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆದರೆ ಹಲ್ಲುಜ್ಜುವುದಕ್ಕೂ ಕ್ಲೀನಿಂಗ್‌ಗೂ ಇದು ಬದಲಿಯಲ್ಲ, ಜೊತೆಗಾರ ಅಷ್ಟೇ.

ಅಂಕ ಕಡಿಮೆ ಬಂತೆಂದು ಕುಗ್ಗಿದ ಗೆಳೆಯರೇ, ಆ ಷರಾ ಬರೆದವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಫಿನ್ಸೆನ್ ಹೆಸರು ಉಳಿದಿದೆ.