ನಾಗರತ್ನಮ್ಮನವರೂ ತಿರುವಯ್ಯಾರಿನ ಹೆಂಗಸರ ಪಕ್ಷವೂ

ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ಪಾಲಮಲೆಯ ತಪ್ಪಲನ್ನು ಹಾದು, ತಿರುವಯ್ಯಾರನ್ನು ಮುಟ್ಟುತ್ತದೆ. 1878ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರ ಬಾಳೂ ಅಲ್ಲಿಂದ ಹೊರಟು ತಿರುವಯ್ಯಾರಿನಲ್ಲಿಯೇ ನೆಲೆಗೊಂಡಿತು.

ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಕುಲದವರು. ಮಗಳಿಗೆ ಸಂಗೀತ, ನೃತ್ಯಗಳ ಜೊತೆಗೆ ಸಂಸ್ಕೃತವನ್ನೂ ಕಲಿಸಿದರು. ಬೆಂಗಳೂರಿನಲ್ಲಿ ಗುರುಗಳಾಗಿ ದೊರೆತ ಪಿಟೀಲು ವಿದ್ವಾಂಸ ಮುನಿಸ್ವಾಮಪ್ಪನವರು ವಾಲಾಜಾಪೇಟೆಯ ಶಿಷ್ಯಪರಂಪರೆಯವರು. ಆ ಮೂಲಕ ನಾಗರತ್ನಮ್ಮನವರು ತ್ಯಾಗರಾಜರ ಪರಂಪರೆಗೆ ಸೇರಿದರು. ಮುಂದೆ ಮದರಾಸಿನಲ್ಲಿ ಕೀರ್ತಿ, ಸಂಪತ್ತು ಎರಡೂ ಒದಗಿದವು. ಗಾಯನವಲ್ಲದೆ ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಹರಿಕಥೆಯನ್ನೂ ಮಾಡುತ್ತಿದ್ದರು. 1910ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಸಂಪಾದಿಸಿ ಪ್ರಕಟಿಸಿದರು, ಮರುವರ್ಷವೇ ಸರಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು.

ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂಬ ಸಂಗತಿಯನ್ನು 1921ರಲ್ಲಿ ಪತ್ರ ಬರೆದು ತಿಳಿಸಿದವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ನಾಗರತ್ನಮ್ಮನವರು ತಡಮಾಡಲಿಲ್ಲ. ನೆಲವನ್ನು ಪಡೆದು, ತಮ್ಮ ಗಳಿಕೆಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದರು. 1926ರ ಜನವರಿಯಲ್ಲಿ ಪ್ರತಿಷ್ಠೆ ನೆರವೇರಿತು.

ಆದರೆ ಗುಡಿ ಕಟ್ಟಿಸಿದವರಿಗೇ ಆರಾಧನೆಯಲ್ಲಿ ಹಾಡುವ ಹಕ್ಕಿರಲಿಲ್ಲ! ವಿದ್ವಾಂಸರು ಆಗ ದೊಡ್ಡ ಪಕ್ಷ, ಚಿಕ್ಕ ಪಕ್ಷವೆಂದು ಒಡೆದು ಬೇರೆಬೇರೆಯಾಗಿ ಆರಾಧನೆ ನಡೆಸುತ್ತಿದ್ದರು. ಬೇರೆಲ್ಲದರಲ್ಲಿಯೂ ಜಗಳವಾಡುತ್ತಿದ್ದ ಈ ಎರಡು ಪಕ್ಷಗಳು ಹೆಂಗಸರು ಹಾಡಬಾರದೆಂಬುದರಲ್ಲಿ ಮಾತ್ರ ಒಮ್ಮತದಿಂದಿದ್ದವು. 1927ರಲ್ಲಿ ನಾಗರತ್ನಮ್ಮನವರು ಮೂರನೆಯದೊಂದು ಪಕ್ಷವನ್ನು ಕಟ್ಟಿದರು. ಜನ ಅದನ್ನು ‘ಪೆಣ್ಗಳ್ ಕಚ್ಚಿ’ ಎಂದು ಕರೆದರು. (‘ಪೆಣ್’ ಶಬ್ದ ಹಳಗನ್ನಡ ಓದಿದವರಿಗೆ ಹೊಸತಲ್ಲ.) ಗುಡಿಯ ಹಿಂಬದಿಯಲ್ಲಿ ಹೆಂಗಸರೇ ಸೇರಿ ಹಾಡಿದರು. ಹಾಗೆ ಬಂದವರಲ್ಲಿ ಬಹುಮಂದಿ ದೇವದಾಸಿಯರು. ದೇವದಾಸಿ ಪದ್ಧತಿಯನ್ನು ಕೊನೆಗಾಣಿಸುವ ಮಾತು ಶಾಸನಸಭೆಯಲ್ಲಿ ಎದ್ದದ್ದೂ ಅದೇ ವರ್ಷ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಉದ್ದೇಶ ಒಳ್ಳೆಯದೇ. ಆದರೆ ಕುಲವೃತ್ತಿಯೊಡನೆ ಕಲೆಯೂ ಮಾನವೂ ಹೋಗುವುವೆಂಬ ಈ ಹೆಂಗಸರ ಭಯವೂ ಹುಸಿಯಲ್ಲ. ಮದರಾಸಿನ ದೇವದಾಸಿಯರ ಸಂಘದ ಅಧ್ಯಕ್ಷೆಯಾಗಿ ನಾಗರತ್ನಮ್ಮನವರು ಆ ಭಯವನ್ನು ಸರಕಾರದ ಮುಂದಿಟ್ಟರು.

ಹೀಗೆ ದಶಕಕ್ಕೂ ಮಿಗಿಲಾಗಿ ಒಂದೇ ಊರಿನಲ್ಲಿ ಮೂರು ಆರಾಧನೆಗಳು ನಡೆದವು. 1940ರ ಹೊತ್ತಿಗೆ ಅಧಿಕಾರಿ ಎಸ್.ವೈ. ಕೃಷ್ಣಸ್ವಾಮಿಯವರ ಪ್ರಯತ್ನದಿಂದ ಪಕ್ಷಗಳು ಒಂದಾದವು. ಗಂಡಸರೂ ಹೆಂಗಸರೂ ಒಂದೇ ಸನ್ನಿಧಿಯಲ್ಲಿ ಹಾಡುವಂತಾಯಿತು.

ನಾಗರತ್ನಮ್ಮನವರು ಅಷ್ಟಕ್ಕೇ ನೆಮ್ಮದಿಗೊಳ್ಳಲಿಲ್ಲ. 1949ರಲ್ಲಿ ಉಯಿಲು ಬರೆದು, ತಮ್ಮ ಆಸ್ತಿಯನ್ನು ಟ್ರಸ್ಟಿಗೆ ವಹಿಸಿ, ಆ ಸನ್ನಿಧಿಯಲ್ಲಿ ಹೆಂಗಸರಿಗೆ ಪೂಜೆಯ, ಹಾಡುಗಾರಿಕೆಯ ಹಕ್ಕು ಉಳಿಯಬೇಕೆಂದು ಕಟ್ಟುಮಾಡಿದರು. 1952ರ ಮೇ ತಿಂಗಳಲ್ಲಿ ತೀರಿಕೊಂಡರು. ತಿರುವಯ್ಯಾರಿನಲ್ಲಿ ಅವರ ಪ್ರತಿಮೆ ತ್ಯಾಗರಾಜರ ಗುಡಿಗೆ ಮುಖಮಾಡಿ ಕುಳಿತಿದೆ.