ಗ್ಲಾಕೋಮಾಗೆ ಆಪರೇಷನ್ ಹುಡುಕಿದ ಬರ್ಲಿನ್ ಡಾಕ್ಟರ್: 42ಕ್ಕೇ ಮುಗಿದ ಗ್ರೇಫೆ ಬದುಕು

ಗ್ಲಾಕೋಮಾ ಆಪರೇಷನ್ ಆದವರು ಚೆಕಪ್‌ಗೆ ಹೋದಾಗ ಒಂದು ಮೆಷಿನ್ ಮೇಲೆ ಗದ್ದ ಇಟ್ಟು ಕೂರಬೇಕಾಗುತ್ತದೆ. ಓಸಿಟಿ ಅನ್ನುವ ಆ ಯಂತ್ರ ಕಣ್ಣೊಳಗೆ ಬೆಳಕು ಬಿಟ್ಟು, ನರದ ಪದರ ಎಷ್ಟು ದಪ್ಪ ಉಳಿದಿದೆ ಎಂದು ಕೆಲವೇ ಕ್ಷಣದಲ್ಲಿ ಮೈಕ್ರಾನ್ ಲೆಕ್ಕದಲ್ಲಿ ತೋರಿಸುತ್ತದೆ. ಈ ತಂತ್ರ ಬಂದದ್ದು 1991ರಲ್ಲಿ. ಆದರೆ ಗ್ಲಾಕೋಮಾ ಕಣ್ಣೊಳಗೆ ಬೆಳಕು ಬಿಟ್ಟು ಇಣುಕುವ ಕೆಲಸ ಅದಕ್ಕೂ ಬಹಳ ಹಿಂದಿನದು. ಅದರಲ್ಲಿ ಮೊದಲು ನಿಲ್ಲುವ ಹೆಸರು ಆಲ್ಬ್ರೆಕ್ಟ್ ಫಾನ್ ಗ್ರೇಫೆ ಅವರದು.

1828ರ ಮೇ 22ರಂದು ಬರ್ಲಿನ್‌ನಲ್ಲಿ ಹುಟ್ಟಿದರು. ತಂದೆ ಕಾರ್ಲ್ ಫರ್ಡಿನಾಂಡ್ ದೊಡ್ಡ ಸರ್ಜನ್. ಮಗನಿಗೆ 12 ವರ್ಷವಾಗಿದ್ದಾಗ ತೀರಿಕೊಂಡರು. ಬರ್ಲಿನ್‌ನಲ್ಲಿ ವೈದ್ಯಕೀಯ ಓದಿದ ಗ್ರೇಫೆ ಮುಂದೆ ಪ್ರಾಗ್, ಪ್ಯಾರಿಸ್, ವಿಯೆನ್ನಾ, ಲಂಡನ್ ಸುತ್ತಿ ಅಲ್ಲಿನ ಕಣ್ಣಿನ ಡಾಕ್ಟರುಗಳ ಕೆಲಸ ನೋಡಿ ಕಲಿತರು. ವಾಪಸ್ ಬಂದು ಬರ್ಲಿನ್‌ನಲ್ಲಿ ಸ್ವಂತ ಕಣ್ಣಾಸ್ಪತ್ರೆ ತೆರೆದಾಗ ವಯಸ್ಸು ಇನ್ನೂ 25 ಮುಟ್ಟಿರಲಿಲ್ಲ. ಬಡವರಿಗೆ ಅಲ್ಲಿ ಚಿಕಿತ್ಸೆ ಉಚಿತ.

ಅದೇ ಹೊತ್ತಿಗೆ, 1851ರಲ್ಲಿ, ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಆಫ್ತಾಲ್ಮೋಸ್ಕೋಪ್ ಬಗ್ಗೆ ಬರೆದು ಪ್ರಕಟಿಸಿದ್ದರು. ಅಲ್ಲಿಯವರೆಗೆ ಬದುಕಿರುವ ಮನುಷ್ಯನ ಕಣ್ಣಿನ ಹಿಂಭಾಗ ವೈದ್ಯರಿಗೆ ಬರೀ ಕತ್ತಲು. ಅನೇಕರು ಈ ಹೊಸ ಸಾಧನವನ್ನು ಅನುಮಾನದಿಂದ ನೋಡುತ್ತಿದ್ದಾಗ ಗ್ರೇಫೆ ಅದನ್ನು ದಿನನಿತ್ಯದ ಕೆಲಸಕ್ಕೇ ಇಳಿಸಿಬಿಟ್ಟರು.

ಆದರೆ ಅದೇ ಸಾಧನ ಅವರನ್ನು ಒಮ್ಮೆ ಏಮಾರಿಸಿತು ಕೂಡ. ಗ್ಲಾಕೋಮಾ ರೋಗಿಗಳಲ್ಲಿ ಕಣ್ಣಿನ ನರ ಶುರುವಾಗುವ ಜಾಗ ಊದಿಕೊಂಡು ಉಬ್ಬಿದೆ ಎಂದು ಅವರು ಬರೆದರು. ಒಂದೇ ಕಣ್ಣಲ್ಲಿ ನೋಡುವ ಸಾಧನ ಅದು, ಆಳ ಸರಿಯಾಗಿ ತಿಳಿಯುವುದಿಲ್ಲ. ವಿಯೆನ್ನಾದ ಯೇಗರ್ ಕೂಡ ಹೀಗೇ ಮೋಸ ಹೋಗಿದ್ದರು. ನಿಜವಾಗಿ ಅದು ಉಬ್ಬಲ್ಲ, ಗುಳಿ. ಒಳಗಿನ ಒತ್ತಡಕ್ಕೆ ನರದ ತಲೆ ಹಿಂದಕ್ಕೆ ಕುಸಿದಿರುತ್ತದೆ. ಹೈನ್ರಿಕ್ ಮ್ಯುಲರ್ ಎಂಬ ಶರೀರಶಾಸ್ತ್ರಜ್ಞ ತೀರಿಹೋದವರ ಕಣ್ಣು ಕೊಯ್ದು ನೋಡಿ ಇದನ್ನು ಖಚಿತಪಡಿಸಿದರು. ಗ್ರೇಫೆ ಹಟ ಹಿಡಿಯಲಿಲ್ಲ, ತಮ್ಮ ಮಾತನ್ನು ತಿದ್ದಿಕೊಂಡರು. 1854ರಲ್ಲಿ ಅವರೇ ಶುರು ಮಾಡಿದ ನೇತ್ರವಿಜ್ಞಾನದ ಪತ್ರಿಕೆ ಆಗಲೇ ಹೆಸರು ಮಾಡಿತ್ತು, ತಪ್ಪನ್ನು ಮುಚ್ಚಿಡುವುದು ಕಷ್ಟವೇನೂ ಆಗಿರಲಿಲ್ಲ.

ಗುಳಿ ಅಂದಮೇಲೆ ಒತ್ತಡವೇ ಮುಖ್ಯ ಎಂದಾಯಿತು. ನರದ ಮೇಲಿನ ರಕ್ತನಾಳ ಬಡಿದುಕೊಳ್ಳುವುದನ್ನು ಅವರು ಮೊದಲೇ ಗಮನಿಸಿದ್ದರು, ಅದೂ ಒತ್ತಡದ ಗುರುತೇ. ಬೇರೆ ಕಾಯಿಲೆಗಳಿಗೆ ಐರಿಸ್‌ನ, ಅಂದರೆ ಕಣ್ಣಿನ ಬಣ್ಣದ ಪರದೆಯ, ಒಂದು ಚೂರು ಕತ್ತರಿಸಿದಾಗ ಕಣ್ಣುಗುಡ್ಡೆ ಮೆತ್ತಗಾಗುವುದನ್ನೂ ಕಂಡಿದ್ದರು. ಅದನ್ನೇ ಗ್ಲಾಕೋಮಾಗೆ ಮಾಡಿ ನೋಡಿದರು. ದಿಢೀರ್ ನೋವು ಬಂದು ದೃಷ್ಟಿ ಮಂಕಾದವರಿಗೆ ಆರಾಮಾಯಿತು, ಬೇಗ ಬಂದವರಿಗೆ ದೃಷ್ಟಿಯೂ ಮರಳಿತು. 1857ರಲ್ಲಿ ಇದನ್ನು ಪ್ರಕಟಿಸಿ, ಬ್ರಸೆಲ್ಸ್‌ನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲೂ ಮಂಡಿಸಿದರು. ಅಲ್ಲಿಯತನಕ ಗ್ಲಾಕೋಮಾ ಅಂದರೆ ಕುರುಡೇ ಗತಿ.

ಎಲ್ಲರಿಗೂ ಫಲಿಸಿತು ಅಂತಲ್ಲ. ಸದ್ದಿಲ್ಲದೆ ನಿಧಾನವಾಗಿ ಬರುವ ಗ್ಲಾಕೋಮಾದಲ್ಲಿ ಈ ಆಪರೇಷನ್ ಅಷ್ಟಾಗಿ ನಡೆಯಲಿಲ್ಲ. ಅದಕ್ಕೆ ನೀರು ಹೊರಹೋಗಲು ಹೊಸ ದಾರಿ ಮಾಡುವ ಟ್ರಾಬೆಕ್ಯುಲೆಕ್ಟಮಿ ಬರಲು 1968 ಆಗಬೇಕಾಯಿತು. ಆ ದಾರಿ ತೆರೆದಿದೆಯೋ ಕಟ್ಟಿಕೊಂಡಿದೆಯೋ ಅನ್ನುವುದನ್ನು ಈಗ ಓಸಿಟಿಯಲ್ಲೇ ನೋಡಬಹುದು. ಗ್ರೇಫೆ ಕಾಲದಲ್ಲಿ ಕಣ್ಣಿನ ಒತ್ತಡ ತಿಳಿಯಲು ರೆಪ್ಪೆ ಮೇಲಿಂದ ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಕಂಡದ್ದನ್ನು ಉಳಿಸಿಕೊಳ್ಳಬೇಕಾದರೆ ಕೈಯಲ್ಲಿ ಚಿತ್ರ ಬರೆಯಬೇಕಿತ್ತು.

ಹಲವು ದೇಶಗಳ ಯುವ ವೈದ್ಯರು ಅವರ ಹತ್ತಿರ ಕಲಿಯಲು ಬಂದರು. ಆದರೆ ಮೈ ಸಹಕರಿಸಲಿಲ್ಲ. 1862ರಲ್ಲಿ ಡೆನ್ಮಾರ್ಕ್‌ನ ಆನಾ ಕ್ನೂತ್ ಅವರನ್ನು ಮದುವೆಯಾಗುವ ಹೊತ್ತಿಗೇ ಎದೆಯ ಕಾಯಿಲೆ ಕಾಡುತ್ತಿತ್ತು. ಆದರೂ ಆಪರೇಷನ್ ಬಿಡಲಿಲ್ಲ, ಕಣ್ಣಿನ ಪೊರೆಗೂ ಹೊಸ ವಿಧಾನ ತಂದರು. ಕೊನೆಗೆ ಕ್ಷಯ 1870ರ ಜುಲೈ 20ರಂದು ಅವರ ಪ್ರಾಣ ತೆಗೆದುಕೊಂಡಿತು. ಹಿಂದಿನ ದಿನವಷ್ಟೇ ಫ್ರಾನ್ಸ್ ಪ್ರಷ್ಯಾ ಮೇಲೆ ಯುದ್ಧ ಸಾರಿತ್ತು. ಎರಡು ವರ್ಷದಲ್ಲಿ ಪತ್ನಿಯೂ ತೀರಿಕೊಂಡರು.

1882ರಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆ ಬಳಿ ಅವರ ಪ್ರತಿಮೆ ನಿಲ್ಲಿಸಿದರು. ಕೈಯಲ್ಲಿ ಆಫ್ತಾಲ್ಮೋಸ್ಕೋಪ್ ಇದೆ. ಒಂದು ಬದಿಯ ಉಬ್ಬುಚಿತ್ರದಲ್ಲಿ ಕಣ್ಣು ಕಾಣದೆ ಬರುತ್ತಿರುವ ಜನ, ಇನ್ನೊಂದು ಬದಿಯಲ್ಲಿ ಗುಣವಾಗಿ ಹೋಗುತ್ತಿರುವ ಜನ.